ಗೋಡೆ ಹಿಂದಿನ ಗಣೆ

ಇಲ್ಲಣ್ಣ, ಕುರಿ ಯಾಪಾರಕ್ಕೆ ಬಂದೋನಲ್ಲ ನಾನು. ಹೇಳಿದ್ನಲ್ಲ, ಗಣೆ ಸಮಾಚಾರ ಅಂತ. ನಮ್ಮನೇಗೆ ಬಂದು ಒಂದು ಸಲ ಗಣೆ ಊದಬೇಕು ನೀವು. ನನ್ನ ಹೆಂಡ್ತಿ ಬೊಮ್ಮಕ್ಕ ಕೇಳಬೇಕಂತೆ. ಅಷ್ಟೇ. ಆದ್ರೆ... ಗೋಡೆ ಹಿಂದೆ ಕುಂತು ಊದಬೇಕು. ಅವಳ ಕಣ್ಣಿಗೆ ಬೀಳಬಾರದು.

ಯಾಕಣ್ಣ ನಗ್ತೀರಿ?

ತಲೆ ಕೆಟ್ಟಿಲ್ಲ ನನಗೆ. ಕುಡಿದೂ ಇಲ್ಲ. ಬೇಕಾದ್ರೆ ಹತ್ರ ಬಂದು ಮೂಸಿ ನೋಡಿ... ಬ್ಯಾಡ, ಬ್ಯಾಡ, ಅಲ್ಲೇ ಇರಿ. ನಾನು ಈ ಕಲ್ಲಿನ ಮ್ಯಾಲೆ ಕುಂತ್ಕಂತೀನಿ. ಜಗಲಿ ಬ್ಯಾಡ. ನೀರೂ ಬ್ಯಾಡ. ಅಗಳಿ ಸ್ಟ್ಯಾಂಡಿನಾಗೆ ಟೀ ಕುಡ್ಕಂಡೇ ಆಟೋ ಹತ್ತಿದೆ.

ಕದಿರಪ್ಪ ಅಂತ ನನ್ನ ಹೆಸರು. ನಿಮಗೆ ನನ್ನ ಗುರುತಿಲ್ಲ. ನನಗೆ ನಿಮ್ಮ ಗುರುತೈತೆ. ಚಿಕ್ಕತಿಮ್ಮಯ್ಯ. ಈ ಹಟ್ಟೀಲಿ ಜುಂಜಪ್ಪ ದೇವರ ಗಣೆ, ಆ ಆಳುದ್ದ ಬಿದಿರು ಕೊಳಲು, ಊದೋರು ನೀವೇ. ಮೂವತ್ತೊಂದು ವರ್ಷದ ಹಿಂದೆ ಹೇಮಾವತಿ ಆಚೆ ಗುಡ್ಡದಾಗೆ ಕುರಿ ಕಾಯ್ತಿದ್ರಿ. ಗುಡ್ಡದ ಆ ಮಗ್ಗುಲಿಗೆ ನೀವು, ಈ ಮಗ್ಗುಲಿಗೆ ನಾನು. ಮುಖ ನೋಡಿದ್ದು ಎರಡೋ ಮೂರೋ ಸಲ. ಗಣೆ ಮಾತ್ರ ದಿನಾ ಕೇಳೀನಿ. ಹೊತ್ತು ವಾಲೋ ಹೊತ್ತಿಗೆ ಶುರು ಮಾಡ್ತಿದ್ರಿ. ಮೊದಲು ಒಂದು ಉದ್ದನೇ ಉಸಿರು... ಆಮೇಲೆ ಸಣ್ಣಗೆ ಮ್ಯಾಲಕ್ಕೆ ಹೋಗೋದು... ನನಗೆ ಹೇಳೋಕೆ ಬರಲ್ಲ. ಮೂರನೇ ಕ್ಲಾಸಿಗೇ ಇಸ್ಕೂಲು ಬಿಟ್ಟೋನು. ಮೇಯೋ ಕುರಿ ತಲೆ ಎತ್ತವು. ಅಷ್ಟು ಹೇಳಬಲ್ಲೆ. ನನ್ನ ಕುರಿಗಳೇ! ನಾನು ಗಂಟಲು ಹರ್ಕಂಡು ಕೂಗಿದ್ರೂ ತಿರುಗ್ತಿರಲಿಲ್ಲ, ನಿಮ್ಮ ಗಣೆಗೆ ತಿರುಗವು. ಎರಡು ಸಲ ಹೋಗಿ ನಿಮ್ಮ ಹಿಂಡಿಗೇ ಸೇರ್ಕಂಡ್ವು. ನೀವು ನನ್ನ ಬೈದ್ರಿ. ನೆನಪೈತಾ?

ಇಲ್ವಾ. ಬೈದೋರಿಗೆ ಎಲ್ಲಿ ನೆನಪಿರ್ತೈತೆ.

ನಾನು ಸಂಸಾರಸ್ಥ ಆಗಿದ್ದೇ ಆ ಗಣೆಯಿಂದ ಅಣ್ಣ. ಹೊಗಳ್ತಾವನೆ ಅನ್ಕಬ್ಯಾಡಿ. ಕಳ್ಳತನ ಒಪ್ಕಂತಿದೀನಿ.

ಹೇಳ್ತೀನಿ, ಇರಿ. ಗುಡ್ಡದ ಕೆಳಗೆ ಬಾವಿ ಇತ್ತಲ್ಲ, ಅಲ್ಲಿ ಬೊಮ್ಮಕ್ಕ ನೀರು ಸೇದ್ತಿದ್ಲು. ಕುರಿಗೆ ನೀರು ಕುಡಿಸೋಕೆ ಇಳಿದೆ. "ದಿನಾ ಗುಡ್ಡದ ಮ್ಯಾಲೆ ಗಣೆ ಊದೋನು ನೀನೇನಾ?" ಅಂದ್ಲು. ಹೂಂ ಅಂದೆ. ಒಂದೇ ಒಂದು ಹೂಂ ಅಣ್ಣ! ಕೈಯಾಗೆ ಬರೀ ದೊಣ್ಣೆ ಇತ್ತು. ಗಣೆ ಎಲ್ಲಿ ಅಂತ ಕೇಳಿದ್ರೆ ಅಲ್ಲಿಗೇ ಮುಗೀತಿತ್ತು. ಕೇಳಲಿಲ್ಲ. ಎರಡು ತಿಂಗಳಿಗೆ ಅವರಪ್ಪನ ಹತ್ರ ಹಟ ಹಿಡಿದವಳೆ, ಕೊಟ್ರೆ ಆ ಗಣೆಯೋನಿಗೇ ಕೊಡು ಅಂತ. ಓಬಳಪ್ಪ ಅಂತ ನಮ್ಮ ಮಾವ. ಇಪ್ಪತ್ತೆಕರೆ ಹೊಲ ಇದ್ದೋನ್ನ ಬಿಟ್ಟು ನನಗೆ ಕೊಟ್ಟ.

ಹೂಂ, ನಗಿ. ನಗೋ ಅಂತಾದ್ದೇ.

ಮದುವೆ ಆಗಿ ಮೊದಲನೇ ಸೋಮವಾರ. ಎಲ್ಲಿಂದಲೋ ಒಂದು ಬಿದಿರು ತರಿಸಿ, ತೂತು ಹೊಡೆಸಿ, ಅರಿಶಿನ ಹಚ್ಚಿ ನನ್ನ ಮುಂದಿಟ್ಲು. ಊದು ಅಂದ್ಲು. ಹಲ್ಲು ನೋವು ಅಂದೆ. ಮುಂದಿನ ಸೋಮವಾರನೂ ಹಲ್ಲು ನೋವು. ಮೂರನೇ ಸೋಮವಾರಕ್ಕೆ ಅವಳು ಲವಂಗ ತಂದಿಟ್ಲು. ಆವಾಗ ಬಾಯಿಗೆ ಬಂದಿದ್ದು ಅಂದ್ಬಿಟ್ಟೆ. ಗಂಡು ಮಗು ಆಗೋಗಂಟ ಊದಲ್ಲ ಅಂತ ಜುಂಜಪ್ಪನಿಗೆ ಹರಕೆ ಹೊತ್ತೀನಿ ಅಂತ. ಒಂದು ವರ್ಷ ತಳ್ಳಿದ್ರೆ ಆಯ್ತು, ಅಷ್ಟರಾಗೆ ಎಲ್ಲಾದ್ರೂ ಕಲ್ತ್ಕಂತೀನಿ ಅಂತ ನನ್ನ ಯೋಚನೆ.

ಹುಟ್ಟಿದ್ದೆಲ್ಲ ಹೆಣ್ಣು. ಮೂರು. ಪ್ರತಿ ಹೆರಿಗೇಲೂ ಅವಳು ಅಳೋಳು. ಹೆಣ್ಣು ಹುಟ್ಟಿತಲ್ಲ ಅಂತ ಅಳ್ತಾಳೆ ಅಂತ ನೆಂಟರು ಸಮಾಧಾನ ಮಾಡೋರು. ಅವಳು ಅಳ್ತಿದ್ದಿದ್ದು ಗಣೆಗೆ. ನಾನು ಅತ್ತ ತಿರುಗಿ ಉಸಿರು ಬಿಡ್ತಿದ್ದೆ.

ಕಲಿಯೋಕೆ ನೋಡಲಿಲ್ಲ ಅಂತಲ್ಲ. ನೋಡಿದೆ. ಬಾವಿ ದಡದಾಗೆ ಕದ್ದು ಊದ್ತಿದ್ದೆ. ನನ್ನ ಊದಾಟಕ್ಕೆ ಒಂದು ಕುರಿನೂ ತಲೆ ಎತ್ತಲಿಲ್ಲ.

ಈಗ ಅವಳಿಗೆ ಹುಷಾರಿಲ್ಲ. ಹೊಟ್ಟೇಲಿ ಗಡ್ಡೆ. ಅನಂತಪುರಕ್ಕೂ ಹೋಗಿ ಬಂದ್ವಿ. ಮನೇಲೇ ನೋಡ್ಕಳಿ ಅಂದ್ರು. ನಡುಮನೇಲಿ ಮಲಗಿಸೀವಿ. ಒಂದು ಬೆಳಿಗ್ಗೆ ಗಂಜಿ ಕುಡಿಸ್ತಿದ್ದೆ. "ಇನ್ನೂ ಯಾವ ಹರಕೆ? ಒಂದು ಸಲ ಊದಿಬಿಡು" ಅಂದ್ಲು. ದೊಡ್ಡ ಮಗಳು ಹೇಮಾ ಪಕ್ಕದಾಗೇ ಕುಂತಿತ್ತು. "ಊದಪ್ಪಾ, ಜುಂಜಪ್ಪ ಏನೂ ಅನ್ಕಳಲ್ಲ" ಅಂತು. ಜುಂಜಪ್ಪನಿಗೆ ಎಲ್ಲಿ ಹೆದರ್ತಿದ್ದೆ ನಾನು!

ಅದಕ್ಕೇ ನೀವು. ಎಲ್ಲ ಯೋಚನೆ ಮಾಡ್ಕಂಡೇ ಬಂದೀನಿ. ನಡುಮನೆ ಗೋಡೆ ಹಿಂದೆ ಕುರಿ ರೊಪ್ಪ. ಗೋಡೇಲಿ ಒಂದು ಸಣ್ಣ ಕಿಟಕಿ ಐತೆ. ನೀವು ರೊಪ್ಪದಾಗೆ ಕುಂತು ಊದಿ. ನಾನು ಅವಳ ಮುಂದೆ ಬಿದಿರು ಬಾಯಿಗಿಟ್ಕಂಡು ಕುಂತಿರ್ತೀನಿ. ಕೆನ್ನೆ ಉಬ್ಬಿಸ್ತೀನಿ. ಬೆರಳು ಎತ್ತಿ ಎತ್ತಿ ಇಳಿಸ್ತೀನಿ. ಅದು ಬರ್ತೈತೆ ನನಗೆ. ಕುರಿ ಅರಚಿ ಕೆಡಿಸ್ತಾವೆ ಅಂತ ಭಯ. ಆವತ್ತು ಹೊತ್ತಾರೇನೇ ಹೊಡ್ಕಂಡು ಹೋಗು ಅಂತ ಅಳಿಯ ಗಂಗರಾಜುಗೆ ಹೇಳ್ತೀನಿ.

ಯಾವಾಗ ಅಂದ್ರೆ... ನಾಡಿದ್ದು. ನಾಡಿದ್ದೇ ಆಗಬೇಕು. ಯಾಕೆ ಅಂದ್ರೆ, ಆವತ್ತು ನೆಂಟರೆಲ್ಲ ಬರ್ತಾರೆ. ಏನಿಲ್ಲ, ಹಂಗೇ... ನೋಡ್ಕಂಡು ಹೋಗೋಕೆ.

ಬೊಮ್ಮಕ್ಕನಾ? ಇದಾಳೆ. ಈಗ ನೋವಿಲ್ಲ.

ಎದ್ರಾ? ಬರ್ತೀರಾ! ನಿಮ್ಮ ಕಾಲಿಗೆ ಬಿದ್ದೆ ಅನ್ಕಳಿ, ಇಲ್ಲಿಂದ್ಲೇ. ಒಳಗ್ಯಾಕೆ ಹೋದ್ರಿ? ಚಿಕ್ತಿಮ್ಮಣ್ಣಾ...

ಓ. ಇದೇನಾ? ಅದೇ ಗಣೇನಾ? ಬ್ಯಾರೇದಾ. ಅದು ಸೀಳಿ ಹೋಯ್ತಾ. ಹೋಗಲಿ ಬಿಡಿ, ಉಸಿರು ನಿಮ್ದೇ ಅಲ್ವಾ.

ನನಗ್ಯಾಕೆ ಕೊಡ್ತೀರಿ?

ಗೊತ್ತು. ಕೇಳೀನಿ. ಕರೆಯೋಕೆ ಬಂದೋನೇ ಗಣೆ ಹೆಗಲ ಮ್ಯಾಲೆ ಹೊತ್ಕಂಡು ಮುಂದೆ ನಡೀಬೇಕು, ಮನೇಲಿ ಕಂಬಳಿ ಹಾಸಿ ಇಡಬೇಕು, ಆಮೇಲೆ ನೀವು ಬರೋದು. ನಿಮ್ಮ ಹಟ್ಟಿ ಕಟ್ಟುಪಾಡು. ಗೊತ್ತು... ನೀವೇ ತಂದ್ರೆ ಆಗಲ್ವಾ? ನನಗೆ ಹೆಗಲು ನೋವಣ್ಣ. ಮತ್ತೆ ಆಟೋದಾಗೆ ಇಷ್ಟುದ್ದ ಬಿದಿರು ಹಿಡಿಯಲ್ಲ. ಇಟ್ಕಳಲ್ಲ ಅಂತಾನೆ ಅವನು.

ಕೈ ಚಾಚ್ಕಂಡು ಹಂಗೇ ನಿಲ್ಬ್ಯಾಡಿ. ಭಾರ ಐತೆ, ಇಳಿಸಿ.

ಬೈಯಿರಿ ಬೇಕಾದ್ರೆ. ಆವಾಗ ಬೈದಂಗೆ.

ನಾನು ಮುಟ್ಟಂಗಿಲ್ಲ.

ಸೂತಕ ನನಗೆ. ಇವತ್ತಿಗೆ ಒಂಬತ್ತು ದಿನ. ನಾಡಿದ್ದು ಹನ್ನೊಂದು, ಎಡೆ ಇಡ್ತೀವಿ. ಆವತ್ತು ಅವಳು ಬರ್ತಾಳಂತೆ, ಕೇಳಿಸ್ಕಂತಾಳೆ ಅಂತ... ಸಾವಿನ ಮನೆಗೆ ಗಣೆ ಬರಲ್ಲ, ಅದಕ್ಕೇ ಬಾಯಿ ಬಿಡಲಿಲ್ಲ. ನಿಮ್ಮ ಮುಂದೆ ಸುಳ್ಳು ಹೇಳೋಕೆ ಬಂತು. ಇದರ ಮ್ಯಾಲೆ ಕೈ ಇಡೋಕೆ ಬರಲಿಲ್ಲ.

ಅವಳು ಕೇಳಿದ ದಿನಾನೇ ಬಂದಿದ್ದೆ ಅಣ್ಣ. ಆ ಬೇವಿನ ಮರದಗಂಟ. ನೀವು ಇಲ್ಲೇ ಕುಂತು ಎಲೆ ಅಡಿಕೆ ಕುಟ್ಕಂತಿದ್ರಿ. ಮೂವತ್ತೊಂದು ವರ್ಷದಿಂದ ನಿಮ್ಮ ಗಣೇನ ನಂದು ಅಂತ ಹೇಳ್ಕಂಡು ಬದುಕೀನಿ ಅಂತ ಹೆಂಗೆ ಬಂದು ಹೇಳಲಿ? ನಾಚಿಕೆ ಆಯ್ತು. ತಿರುಗಿ ಹೋದೆ. ಆವತ್ತು ಹೇಳಬೇಕಿದ್ದ ಮಾತೇ ಇವತ್ತು ಹೇಳಿದ್ದು. ದಿನ ಒಂದನ್ನ ಮಾತ್ರ ಬದಲಾಯಿಸಿದೆ.

ಮನೆಗೆ ಹೋಗಿ ನಾನೇ ಊದಿದೆ. ಬರೀ ಗಾಳಿ ಬಂತು. ಒಲೆ ಊದಿದಂಗೆ. ಹೇಮಾ ಎದ್ದು ಹೊರಗೆ ಹೋಯ್ತು. ಬೊಮ್ಮಕ್ಕ ಕಣ್ಣು ಮುಚ್ಕಂಡು ಪೂರ್ತಿ ಕೇಳಿದ್ಲು. ನಾನು ನಿಲ್ಲಿಸಿದ ಮ್ಯಾಲೆ ನನ್ನ ಮಂಡಿ ಮ್ಯಾಲೆ ಕೈ ಇಟ್ಲು.

"ಸಾಕು ಬಿಡು, ದಣಿದೆ. ಚಿಕ್ಕತಿಮ್ಮಣ್ಣನಷ್ಟು ಉಸಿರು ನಿನಗೆಲ್ಲಿಂದ ಬರಬೇಕು" ಅಂದ್ಲು.

ನಿಮ್ಮ ಹೆಸರು ನಾನು ಅವಳ ಮುಂದೆ ಒಂದು ದಿನನೂ ಎತ್ತಿರಲಿಲ್ಲ ಅಣ್ಣ.