ಅಕ್ಕನ ಹೊಟ್ಟೆಗೆ ನನ್ನ ಕೊಡುಗೆ

ಮಾನ್ಯ ಅಧ್ಯಕ್ಷರೇ, ಅವರ ಪಕ್ಕದಲ್ಲಿರುವ ಹಿರಿಯ ವೈದ್ಯರೇ, ಇಂದು ಈ ಆಸ್ಪತ್ರೆಯಿಂದ ನಿವೃತ್ತಳಾಗುತ್ತಿರುವ ನನ್ನ ಅಕ್ಕಾ, ಊಟಕ್ಕೆ ಮೊದಲು ನನ್ನನ್ನು ಸಹಿಸಿಕೊಳ್ಳಲೇಬೇಕಾದ ಸಭಿಕರೇ,

ಉದ್ಯಾನದಲ್ಲಿ ಗೊಬ್ಬರ ಮಾಡುವವನ ಕೈಗೆ ಮೈಕು ಕೊಟ್ಟು ಐದೇ ನಿಮಿಷ ಎಂದಿದ್ದೀರಿ. ನಾನು ಮಾತಾಡಿ ಅಭ್ಯಾಸವಿರುವುದು ಮರಗಳ ಜೊತೆ. ಅವು ನಡುವೆ ಎದ್ದು ಹೋಗುವುದಿಲ್ಲ. ಹಾಗಾಗಿ ಹೊತ್ತು ಮೀರಿದರೆ ಕ್ಷಮೆ ಇರಲಿ.

ಶಸ್ತ್ರಚಿಕಿತ್ಸೆಯ ಕತ್ತರಿ, ಚಿಮಟಗಳನ್ನೆಲ್ಲ ತೊಳೆದು, ಹಬೆಯಲ್ಲಿಟ್ಟು, ಕಟ್ಟಿ ಕಳಿಸುವ ಕೋಣೆಯಲ್ಲಿ ಅಕ್ಕ ಮೂವತ್ತನಾಲ್ಕು ವರ್ಷ ದುಡಿದಳು. ಇಲ್ಲಿರುವ ಎಷ್ಟು ಜನರ ಹೊಲಿಗೆ ಕೀವಾಗದೆ ಒಣಗಿತು? ಎಷ್ಟು ತಾಯಂದಿರು ಮಗುವನ್ನೆತ್ತಿಕೊಂಡು ನಗುನಗುತ್ತಾ ಮನೆಗೆ ಹೋದರು? ಅದರ ಹಿಂದೆ ಇವಳ ಕೈ ಇದೆ. ಆದರೆ ಅಕ್ಕನಿಗೆ ಕ್ರಿಮಿ ಎಂದರೆ ಕ್ರಿಮಿ, ಅಷ್ಟೇ. ಅದರಲ್ಲಿ ಒಳ್ಳೆಯದು, ಕೆಟ್ಟದ್ದು ಎಂಬ ಭೇದವೇ ಇಲ್ಲ.

ನನ್ನದು ಪೂರ್ತಿ ಉಲ್ಟಾ ಕಸುಬು. ತರಗೆಲೆಯ ರಾಶಿಯೊಳಗೆ ಕೋಟಿಗಟ್ಟಲೆ ಕ್ರಿಮಿಗಳು ಕೆಲಸ ಮಾಡುತ್ತವೆ. ಚಳಿಯ ಬೆಳಗ್ಗೆ ರಾಶಿಗೆ ಕೈ ಹಾಕಿದರೆ ಬೆಚ್ಚಗಿರುತ್ತದೆ. ಅವು ರಜೆ ಹಾಕಿದ್ದರೆ ಇಷ್ಟು ವರ್ಷದ ಎಲೆಯೆಲ್ಲ ಎಲ್ಲಿರುತ್ತಿತ್ತು? ನಮ್ಮ ತಲೆಯ ಮೇಲೆ! ಆ ಕೈಯಲ್ಲೇ ಅಕ್ಕನ ಮನೆಗೆ ಹೋದರೆ ಹೊಸಿಲಲ್ಲೇ ತಡೆ. "ಅಲ್ಲೇ ನಿಲ್ಲೋ ಎರೆಹುಳ! ಮೊದಲು ಕೈ, ಆಮೇಲೆ ಕಾಲು, ಆಮೇಲೆ ಮಾತು." ನಾನು ಕೂರುವ ಕುರ್ಚಿಗೆ ಹಳೇ ಪೇಪರು ಹಾಸುತ್ತಿದ್ದಳು. ನಾನು ನಗುತ್ತಿದ್ದೆ. ನಕ್ಕರೂ ಬೇಜಾರಾಗುತ್ತಿತ್ತಕ್ಕ, ಇವತ್ತು ಹೇಳಿಬಿಡುತ್ತೇನೆ.

ಎರಡು ವರ್ಷದ ಹಿಂದೆ ಅಕ್ಕನ ಮಂಡಿಗೆ ಆಪರೇಷನ್ ಆಯಿತು. ಗಾಯ ಕೆರಳಿತೆಂದು ಬಲವಾದ ಔಷಧ ಕೊಟ್ಟರು. ಗಾಯ ವಾಸಿಯಾಯಿತು. ಆದರೆ ಹೊಟ್ಟೆಯೊಳಗೆ ನಮ್ಮನ್ನು ಕಾಯುವ ಒಳ್ಳೆಯ ಕ್ರಿಮಿಗಳೂ ಸತ್ತವು. ಖಾಲಿಯಾದ ಜಾಗಕ್ಕೆ ಒಂದು ಪುಂಡ ಜಾತಿ ಬಂದು ಬೀಡುಬಿಟ್ಟಿತು. ದಿನಕ್ಕೆ ಹದಿನೈದು ಸಲ ಭೇದಿ. ಔಷಧ ಕೊಟ್ಟರೆ ನಾಲ್ಕು ದಿನ ಸುಮ್ಮನಿದ್ದು ಮತ್ತೆ ಶುರು. ಹೀಗೆ ಮೂರು ಬಾರಿ. ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದ ಅಕ್ಕನನ್ನು ನಾನು ಮಗುವಿನ ಹಾಗೆ ಎತ್ತಿ ಕೂರಿಸುತ್ತಿದ್ದೆ. ಇನ್ನು ಇವಳು ನಮಗೆ ಉಳಿಯುವುದಿಲ್ಲ ಎಂದೇ ಅಂದುಕೊಂಡಿದ್ದೆ.

ಆಗ ಈ ಹಿರಿಯ ವೈದ್ಯರು ಒಂದು ದಾರಿ ಹೇಳಿದರು. ಆರೋಗ್ಯವಂತರ ಹೊಟ್ಟೆಯ ಕ್ರಿಮಿಗಳನ್ನು ತಂದು ಅಕ್ಕನ ಹೊಟ್ಟೆಯಲ್ಲಿ ನೆಲೆಯೂರಿಸುವುದು. ಅವುಗಳನ್ನು ಎಲ್ಲಿಂದ ತರುತ್ತಾರೆ? ಊಟದ ಹೊತ್ತು, ಬಿಡಿಸಿ ಹೇಳಲಾರೆ. ಬೆಳಗ್ಗೆ ಎದ್ದು ನಾವೆಲ್ಲರೂ, ಅಧ್ಯಕ್ಷರೂ ಸೇರಿದಂತೆ, ಎಲ್ಲಿಗೆ ಹೋಗುತ್ತೇವೋ ಅಲ್ಲಿಂದ.

ಅಕ್ಕನ ಮಗಳು ಆಗಷ್ಟೇ ಅಂಥದ್ದೇ ಬಲವಾದ ಔಷಧ ತೆಗೆದುಕೊಂಡಿದ್ದಳು. ಭಾವನಿಗೆ ನೂರೆಂಟು ಕಾಯಿಲೆ. ಉಳಿದವನು ನಾನೊಬ್ಬನೇ. ಅಕ್ಕ ಗೋಡೆ ಕಡೆ ತಿರುಗಿ ಮಲಗಿದಳು. "ಸತ್ರೂ ಪರವಾಗಿಲ್ಲ, ಇವನದ್ದು ಬೇಡ."

ಪ್ರಶ್ನೆಗಳನ್ನಾದರೂ ಕೇಳಿ ಮುಗಿಸೋಣ ಎಂದು ನರ್ಸಮ್ಮ ಫಾರಂ ತಂದರು. ಅಕ್ಕ ನಿದ್ದೆಯಲ್ಲಿದ್ದಾಳೆಂದುಕೊಂಡು ಪರದೆಯ ಈಚೆ ಕೂತೆವು. ಒಂದು ಸುಳ್ಳು ಹೇಳಿದರೂ ಅಕ್ಕನ ಪ್ರಾಣಕ್ಕೆ ಕುತ್ತು, ಕೆಲವು ರೋಗ ಪರೀಕ್ಷೆಗೂ ಬೇಗ ಸಿಗುವುದಿಲ್ಲ ಎಂದು ಮೊದಲೇ ಎಚ್ಚರಿಸಿದರು. ಹೆಂಡತಿ? ತೀರಿಕೊಂಡು ಒಂಬತ್ತು ವರ್ಷ. ಈಗ ಯಾರ ಜೊತೆಗಾದರೂ ದೈಹಿಕ ಸಂಬಂಧ ಇದೆಯೇ?

ಸಭಿಕರೇ, ನನಗೆ ಐವತ್ತನಾಲ್ಕು. ನಾನು ಫ್ಯಾನು ನೋಡಿದೆ. ಇಲ್ಲ ಎನ್ನುವುದು ಸುಲಭವಿತ್ತು. ಮಗನಿಗೆ, ನೆರೆಹೊರೆಗೆ, ಅಕ್ಕನಿಗೆ ಹಾಗೆಯೇ ನಟಿಸಿಕೊಂಡು ಬಂದಿದ್ದೆ.

"ಇದೆ," ಎಂದೆ. "ಮೂರು ವರ್ಷದಿಂದ. ಒಬ್ಬರೇ. ಬೇಕರಿಯವರು." ಬೇಕರಿಯ ವಿಷಯ ನರ್ಸಮ್ಮ ಕೇಳಿರಲಿಲ್ಲ.

ಕೆಟ್ಟ ಹಿಟ್ಟನ್ನು ಗೊಬ್ಬರಕ್ಕೆ ಕೊಡುತ್ತಾರೆಂದು ಅವರ ಬೇಕರಿಗೆ ಹೋಗಿದ್ದೆ. ಅವರ ಹತ್ತಿರ ಹುಳಿ ಹಿಟ್ಟಿನ ಒಂದು ಜಾಡಿ ಇದೆ. ಬ್ರೆಡ್ಡು ಉಬ್ಬುವುದು ಅದರಿಂದಲೇ. ದಿನಾ ಅದಕ್ಕೆ ಹಿಟ್ಟು, ನೀರು ಉಣಿಸುತ್ತಾರೆ. ಮುಚ್ಚಳ ತೆಗೆದು ಗುಳ್ಳೆ ತೋರಿಸಿ, "ಇದರೊಳಗಿರೋದೂ ನಿಮ್ಮವರೇ," ಅಂದರು. ಅವತ್ತು ನಾನು ಚೀಲ ಅಲ್ಲೇ ಮರೆತು ಬಂದೆ. ಮರುದಿನ ಬೇಕಂತಲೇ ಮರೆತೆ. ಇರಲಿ, ಇದು ಬರೆದುಕೊಂಡು ಬಂದಿದ್ದರಲ್ಲಿ ಇರಲಿಲ್ಲ.

ಪರದೆಯ ಆಚೆಯಿಂದ ಸಣ್ಣ ದನಿ ಬಂತು. "ಮೂರು ವರ್ಷಾನಾ? ನನ್ನ ಹತ್ರಾನೂ ಮುಚ್ಚಿಟ್ಯಾ?"

"ಭಯ ಆಯ್ತಕ್ಕ. ನನ್ನನ್ನ ಹೊಸಿಲಲ್ಲಿ ನಿಲ್ಸು, ಅಭ್ಯಾಸ ಆಗಿದೆ. ಅವರನ್ನ ನಿಲ್ಲಿಸಿದ್ರೆ ನನ್ ಕೈಲಿ ತಡ್ಕೊಳ್ಳೋಕಾಗ್ತಿರಲಿಲ್ಲ."

ಪರದೆ ಸರಿಯಿತು, ಅಕ್ಕನ ಕೈ ಈಚೆ ಬಂತು. ಆಮೇಲೆ ಅಕ್ಕ ಅಂದಳು: "ನನ್ನ ಜೀವ ಉಳೀಲಿ ಅಂತ ನಾಚಿಕೆ ಬಿಟ್ಟು ನಿಜ ಹೇಳ್ದೆಯಲ್ಲೋ. ಪೆನ್ ಕೊಡು, ಎಲ್ಲಿ ಸೈನ್ ಹಾಕ್ಬೇಕು?"

ವಿಷಯ ತಿಳಿದದ್ದೇ ಬೇಕರಿಯವರು ಅಂಗಡಿ ಮುಚ್ಚಿ, ತೋಳಿಗೆ ಮೆತ್ತಿದ ಹಿಟ್ಟಿನಲ್ಲೇ ಓಡಿ ಬಂದರು. "ನನ್ನ ರಕ್ತಾನೂ ನೋಡಿಬಿಡಿ, ಅವರಕ್ಕನಿಗೆ ನನ್ನಿಂದ ಏನೂ ಆಗ್ಬಾರ್ದು," ಎಂದು ತಾವೇ ಕೈ ಚಾಚಿದರು. ಎಲ್ಲ ಪರೀಕ್ಷೆಗಳಲ್ಲೂ ಇಬ್ಬರೂ ಪಾಸು. ಜೀವನದಲ್ಲಿ ನಾನು ಪಾಸಾದ ದೊಡ್ಡ ಪರೀಕ್ಷೆ ಅದೇ. ಚಿಕಿತ್ಸೆಯಾಗಿ ಐದನೆಯ ದಿನ ಅಕ್ಕ "ಹಸಿವಾಗ್ತಿದೆ" ಅಂದಳು. ನಾನು ವರಾಂಡಕ್ಕೆ ಹೋಗಿ ಅತ್ತೆ. ದಯವಿಟ್ಟು ಯಾರೂ ಈ ಚಿಕಿತ್ಸೆಯನ್ನು ಮನೆಯಲ್ಲಿ ಮಾಡಿಕೊಳ್ಳಬೇಡಿ, ಅದು ವೈದ್ಯರ ಕೆಲಸ.

ಅಕ್ಕನಿಗೆ ವೇದಿಕೆಯ ಮೇಲೆ ಕುರ್ಚಿ ಹಾಕಿದ್ದೀರಿ. ಅವಳು ಅಲ್ಲಿ ಕೂರದೆ ಮೊದಲ ಸಾಲಿನಲ್ಲಿ ಕೂತಿದ್ದಾಳೆ. ಪಕ್ಕದಲ್ಲಿರುವವರು ಯಾರೆಂದು ನೀವು ಪಿಸುಗುಟ್ಟುತ್ತಿರುವುದು ಇಲ್ಲಿಗೂ ಕೇಳುತ್ತಿದೆ. ನಾಲ್ಕನೆಯ ಸಾಲಿನಲ್ಲಿ ನನ್ನ ಮಗ, ಸೊಸೆ ಇದ್ದಾರೆ. ಅವರಿಗೂ ಈಗಲೇ ಗೊತ್ತಾಗುತ್ತಿದೆ. ತಲೆ ತಗ್ಗಿಸಬೇಡ ಮಗನೇ. ಅಮ್ಮನನ್ನು ನಾನು ಮರೆತಿಲ್ಲ. ಆದರೆ ಅಕ್ಕನ ಪಕ್ಕದಲ್ಲಿರುವ ಇವರು ನನ್ನವರು. ಫಾರಂನಲ್ಲಿ ಒಪ್ಪಿಕೊಂಡು ಸಭೆಯಲ್ಲಿ ಮುಚ್ಚಿಟ್ಟರೆ ಇವರಿಗೆ ಅವಮಾನ.

ಅಕ್ಕನನ್ನು ಉಳಿಸಿಕೊಟ್ಟ ಈ ಆಸ್ಪತ್ರೆಗೆ ಧನ್ಯವಾದ. ಒಪ್ಪಿಕೊಂಡು ಬದುಕಿದ ಅಕ್ಕನಿಗೆ ಧನ್ಯವಾದ. ಅಗೋ, ಅಕ್ಕ ಅವರ ಕೈ ಹಿಡಿದು ಎಬ್ಬಿಸುತ್ತಿದ್ದಾಳೆ. ಏಳಿ, ನಾಚಿಕೊಳ್ಳಬೇಡಿ. ಸಭಿಕರೇ, ನಮ್ಮಿಬ್ಬರ ನಮಸ್ಕಾರ.