ಹುಟ್ಟಿನ ಕಡೆಯೂ ಇಲ್ಲ, ಸಾವಿನ ಕಡೆಯೂ ಇಲ್ಲ

ಇಲ್ಲ ಡಾಕ್ಟ್ರೇ, ಆ ಮಾತನ್ನ ನಾನು ಒಪ್ಪೋದಿಲ್ಲ. ನೀವು ನಗರಸಭೆಯ ಆರೋಗ್ಯಾಧಿಕಾರಿ ಇರಬಹುದು, ಇಡೀ ಮ್ಯಾಂಚೆಸ್ಟರ್ ನಿಮ್ಮ ಮಾತಿಗೆ ತಲೆಯಾಡಿಸಬಹುದು. ಈ ಕೋಣೆಯಲ್ಲಿ ನಾನು, ಹೊನೋರಾ ಗೆರಾಟಿ, ಆಡಿಸೋದಿಲ್ಲ. ಈ ವಠಾರದಲ್ಲಿ ಸತ್ತು ಹುಟ್ಟೋ ಕೂಸುಗಳು ಜಾಸ್ತಿ, ಎಲ್ಲವೂ ಇದೇ ಸೂಲಗಿತ್ತಿಯ ಕೈಗೇ ಬರ್ತಾವೆ... ಹಾಗಂದ್ರೆ ಏನರ್ಥ? ನನ್ನ ಕೈಗುಣ ಕೆಟ್ಟದ್ದು ಅಂತಲೇ? ತಗೊಳ್ಳಿ, ನೋಡಿ ಕೈನ. ಹಿಡಿದು ನೋಡಿ, ಕಚ್ಚೋದಿಲ್ಲ.

ಅಲ್ಲಿ ಕೂರಬೇಡಿ, ಅದರ ಒಂದು ಕಾಲು ಲಟಪಟ ಅಂತಿದೆ. ಇದು ಫಾದರ್ ಬಂದಾಗ ಹಾಕೋ ಕುರ್ಚಿ, ಇದರಲ್ಲಿ ಕೂತ್ಕೊಳ್ಳಿ. ಟೀ ಕುಡೀರಿ, ನೀರು ಕುದ್ದಿದೆ, ಹೆದರಬೇಡಿ. ಹಾಂ, ಈಗ ನಗ್ತೀರಿ. ಅಂಗಳದ ಪಂಪಿನ ನೀರು, ಅದಕ್ಕೆ ಅಂಟಿಕೊಂಡ ಕಕ್ಕಸು, ಅದನ್ನ ನೋಡಿದಾಗ ಮೂಗಿಗೆ ಕರ್ಚೀಫು ಒತ್ತಿದ್ರಲ್ಲ. ನಾವು ಯಾವುದನ್ನ ಒತ್ತಿಕೊಳ್ಳೋಣ?

ಏನು ಹೇಳ್ತಿದ್ರಿ... ಸಾವಿರ ಜನಕ್ಕೆ ಇಷ್ಟು ಹುಟ್ಟು, ಇಷ್ಟು ಸಾವು. ನಿಮ್ಮ ಮನೆ ಇರೋ ಕಡೆ ನಮ್ಮ ಅರ್ಧದಷ್ಟೂ ಸಾಯೋದಿಲ್ಲ. ಇರಲಿ, ದೇವರು ಅವರನ್ನ ಚೆನ್ನಾಗಿಡಲಿ. ಹೊಟ್ಟೆಕಿಚ್ಚಿಲ್ಲ ನನಗೆ. ಆದರೆ ಅಲ್ಲಿಯ ಹೆಂಗಸರು ಹೆತ್ತು ತಿಂಗಳುಗಟ್ಟಲೆ ಮಲಗ್ತಾರೆ. ನಮ್ಮ ಹುಡುಗೀರು ಗಿರಣಿಯಲ್ಲಿ ನಿಂತೇ ನೋವು ತಿಂತಾರೆ, ಗಂಟೆ ಹೊಡೆದ ಮೇಲೆ ಓಡಿಬಂದು ಹೆರ್ತಾರೆ, ಮೈ ಒಣಗೋ ಮೊದಲೇ ಮತ್ತೆ ಗಿರಣಿ. ಕೂಸಿಗೆ ಎದೆಹಾಲಿಲ್ಲ. ಪಕ್ಕದ ಮನೆ ಅಜ್ಜಿ ಅಫೀಮು ಬೆರೆಸಿದ ಸಿಹಿ ಔಷಧಿ ನೆಕ್ಕಿಸಿ ಮಲಗಿಸ್ತಾಳೆ. ಅದು ಮತ್ತೆ ಎದ್ದರೆ ದೇವರ ದಯೆ. ಇದನ್ನ ಬರೀರಿ ಅಂದ್ರೆ, ನೀವು ಸೂಲಗಿತ್ತಿಯ ಉಗುರು ನೋಡೋಕೆ ಬಂದಿದ್ದೀರಿ.

ನೆಲ್ ಟಿಯರ್ನಿ? ಅಲ್ಲಿಗೇ ಬರ್ತೀರಿ ಅಂತ ಗೊತ್ತಿತ್ತು. ಹೌದು, ಮಹಡಿ ಮೇಲಿನ ಹುಡುಗಿ. ಹೌದು, ಮದುವೆಯಾಗಿಲ್ಲ. ಯಾರ ಕೂಸು ಅಂತ ನಾನು ಕೇಳಲಿಲ್ಲ, ನೀವೂ ಕೇಳಬೇಡಿ. ಹೋದ ವಾರ ಹೆತ್ತಳು. ಸತ್ತೇ ಹುಟ್ಟಿತು. ಹಾಗಂತ ಸ್ಮಶಾನದವರಿಗೆ ನಾನೇ ಚೀಟಿ ಬರೆದು ಕೊಟ್ಟೆ. ಆಗಲೇ ಇದೇ ವಠಾರದ ಮಲಾಕಿ ಮುದುಕ ತೀರಿಕೊಂಡಿದ್ದ, ಅವನ ಶವಪೆಟ್ಟಿಗೆಯಲ್ಲೇ, ಕಾಲ ಬಳಿ ಇಟ್ಟು ಮಣ್ಣು ಮಾಡಿದ್ವಿ. ಯಾಕೆ ಹುಬ್ಬೇರಿಸ್ತೀರಿ? ಇಲ್ಲಿ ಹಾಗೇ. ಅಂಥ ಕೂಸನ್ನ ಒಂಟಿಯಾಗಿ ಕಳಿಸೋದಿಲ್ಲ, ಯಾರಾದರೂ ಹಿರಿಯರ ಜೊತೆ ಮಾಡಿ ಕಳಿಸ್ತೀವಿ. ಮಲಾಕಿಯ ಹೆಂಡತಿ ತಾನೇ ಬಂದು, "ಕೊಡೇ ಇಲ್ಲಿ, ನಮ್ಮ ಮುದುಕನಿಗೆ ಬಾಯಿ ಸುಮ್ಮನಿರೋದಿಲ್ಲ, ಕೇಳೋಕೆ ಒಂದು ಜೀವ ಬೇಕು" ಅಂದಳು. ಅಳ್ತಿದ್ದವರೆಲ್ಲ ನಕ್ಕುಬಿಟ್ಟರು.

ಸತ್ತು ಹುಟ್ಟಿದ್ದನ್ನ ನೀವು ಹುಟ್ಟಿನ ಕಡೆಯೂ ಸೇರಿಸೋದಿಲ್ಲ, ಸಾವಿನ ಕಡೆಯೂ ಸೇರಿಸೋದಿಲ್ಲ. ಹಾಗಿದ್ದ ಮೇಲೆ ನಿಮಗೇನು ತೊಂದರೆ?

ಉಸಿರಾಡಿತ್ತೇ, ಉಸಿರಾಡಿತ್ತೇ ಅಂತ ಎಷ್ಟು ಸಲ ಕೇಳ್ತೀರಿ. ಇಲ್ಲ ಅಂದೆನಲ್ಲ. ಆಡಿತ್ತು ಅಂದ್ರೆ ಏನಾಗುತ್ತೆ ಅಂತ ನನಗೆ ಗೊತ್ತು. ಹೋದ ಚಳಿಗಾಲ ಹಿಂದಿನ ಬೀದಿಯ ಉನಾಳ ಕೂಸಿಗೆ ಆಯ್ತಲ್ಲ. ಸಾವಿನ ವಿಚಾರಣೆ ಅಂತ ಹೂತದ್ದನ್ನ ತೆಗೆಸಿ, ಹೆಂಡದಂಗಡಿಯ ಮೇಲಿನ ಕೋಣೆಯಲ್ಲಿ ಮೇಜಿನ ಮೇಲೆ ಮಲಗಿಸಿ, ಪಂಚರು ಬಿಯರ್ ಕುಡೀತಾ ಅದರ ಕತ್ತು ನೋಡಿದ್ರು. ಗಂಡನಿಲ್ಲದವಳು, ಇವಳೇ ಹಿಸುಕಿರ್ತಾಳೆ ಅಂತ. ಕೊನೆಗೆ ಏನೂ ಸಿಗಲಿಲ್ಲ. ಆದರೆ ಉನಾಗೆ ಗಿರಣಿಯೂ ಇಲ್ಲ, ಮನೆಯೂ ಇಲ್ಲ, ಈಗೆಲ್ಲಿದ್ದಾಳೋ ಆ ಮರಿಯಮ್ಮನಿಗೇ ಗೊತ್ತು. ನೆಲ್‌ಗೆ ಹಾಗಾಗೋಕೆ ಬಿಡೋದಿಲ್ಲ ನಾನು.

ಏನಂದ್ರಿ? ಇನ್ನೊಂದು ಸಲ ಹೇಳಿ. ನಿಮ್ಮ ತಾಯಿಯೂ ನಮ್ಮ ಚರ್ಚಿನವರೇ? ಸಂತೋಷ. ಜ್ಞಾನಸ್ನಾನವಿಲ್ಲದೆ ಹೋದ ಕೂಸಿಗೆ ಸ್ವರ್ಗದಲ್ಲೂ ಜಾಗವಿಲ್ಲವಲ್ಲ, ಪಾಪ, ಅಂತ ಅವರು ಅಳ್ತಿದ್ರೇ... ನಿಮ್ಮ ಕರುಣೆ ದೊಡ್ಡದು ಡಾಕ್ಟ್ರೇ, ಆದರೆ ನೆಲ್‌ನ ಮಗಳ ಮೇಲೆ ಅದನ್ನ ಸುರೀಬೇಡಿ. ಅವಳಿಗೆ ಜಾಗವಿದೆ. ನಿಮಗಿಂತ, ನನಗಿಂತ ಮುಂದಿನ ಸಾಲಲ್ಲಿದೆ. ಈ ಕೈಯಲ್ಲೇ ನೆತ್ತಿಗೆ ನೀರು ಹಾಕಿ, ಪಿತನ, ಸುತನ, ಪವಿತ್ರಾತ್ಮನ ನಾಮದಲ್ಲಿ ಆಗ್ನೆಸ್ ಅಂತ ಜ್ಞಾನಸ್ನಾನ ಕೊಟ್ಟಿದ್ದೀನಿ. ಜಾಗವಿಲ್ಲ ಅನ್ನೋಕೆ ಯಾರು ನೀವು?

...ಯಾಕೆ, ಬರೆಯೋದು ನಿಲ್ಲಿಸಿದ್ರಿ?

ಹಾಗೆ ನೋಡಬೇಡಿ.

ಹೌದು. ನಿಮ್ಮ ತಾಯಿ ಚೆನ್ನಾಗೇ ಕಲಿಸಿದ್ದಾರೆ. ಸತ್ತ ಕೂಸಿಗೆ ಜ್ಞಾನಸ್ನಾನ ಕೊಡೋ ಹಾಗಿಲ್ಲ. ಜೀವವಿದ್ದರೆ ಮಾತ್ರ.

ಏನಾದರೂ ಅನ್ನಿ. ಬೈದರೂ ಸರಿ... ಓ, ಕಾಯ್ತಿದ್ದೀರಿ. ವಯಸ್ಸಾಯ್ತು, ಬಾಯಿಗೆ ಬಂದದ್ದು ಅಂದೆ, ನೀರು ಗೀರು ಏನೂ ಹಾಕಲಿಲ್ಲ ಅಂತ ನಾನೀಗ ಹೇಳಿದರೆ, ನೀವು ಟೋಪಿ ತಗೊಂಡು ಎದ್ದು ಹೋಗ್ತೀರಿ. ಒಳ್ಳೆಯವರು ನೀವು. ಮೊದಲೇ ಗೊತ್ತಾಗಲಿಲ್ಲ ನನಗೆ.

ಆದರೆ ಹೇಳೋದಿಲ್ಲ. ಚೀಟಿಯಲ್ಲಿ ಸುಳ್ಳು ಬರೆದೆ, ನೆಲ್‌ಗೋಸ್ಕರ, ಅವಳಿಗಿಂತ ಮೊದಲು ಹೆತ್ತ ಇಂಥ ಹುಡುಗೀರಿಗೋಸ್ಕರವೂ. ಅದಕ್ಕೆ ಮೇಲಿನವನ ಮುಂದೆ ಮಂಡಿಯೂರ್ತೀನಿ. ಅವನು ಕರೆದುಕೊಂಡ ಕೂಸನ್ನ ಕರೆದುಕೊಳ್ಳಲೇ ಇಲ್ಲ ಅಂತ ಮಾತ್ರ ಈ ಬಾಯಿ ಅನ್ನೋದಿಲ್ಲ. ತಿಂಗಳು ತುಂಬಿರಲಿಲ್ಲ, ಅಂಗೈಯಷ್ಟಿದ್ದಳು. ನೀರು ತಾಕಿದಾಗ ಮುಖ ಸಿಂಡರಿಸಿದಳು. ಅದನ್ನ ನೋಡಿ ನೆಲ್ ನಕ್ಕಳು. ಆಮೇಲೆ ಉಸಿರು ನಿಂತಿತು. ಯಾರೂ ಕತ್ತು ಮುಟ್ಟಲಿಲ್ಲ, ಅದಕ್ಕೆ ನಾನು ಸಾಕ್ಷಿ.

ವಿಚಾರಣೆಗೆ ನನ್ನನ್ನ ಕರೀರಿ, ಬರ್ತೀನಿ. ನೆಲ್‌ನ ಕೇಳೋಕೆ ಆ ಮೆಟ್ಟಿಲು ಹತ್ತಬೇಡಿ. ಸಾವಿನ ಕಡೆ ಒಂದು ಸೇರಿಸಿಕೊಳ್ಳಿ, ನಮ್ಮ ವಠಾರಕ್ಕೆ ಕೆಟ್ಟ ಹೆಸರು ಬಂದರೆ ಬರಲಿ. ಆದರೆ ಮೊದಲು ಹುಟ್ಟಿನ ಕಡೆ ಬರೀರಿ. ನನ್ನ ಮುಂದೆಯೇ ಬರೀರಿ. ಆಗ್ನೆಸ್ ಟಿಯರ್ನಿ. ಹೆಣ್ಣು.