ಆ ಹುಡುಗಿ ಹಾಕಿದ್ದಲ್ಲ

೧೯೯೭ರ ಮಾತು. ನೆಂಟನೊಬ್ಬನಿಗೆ ಜಾಮೀನು ನಿಲ್ಲಲು ಮೈಸೂರಿನ ಕೋರ್ಟಿಗೆ ಬಂದಿದ್ದ ಕುಂಬಾರಕೊಪ್ಪಲಿನ ಹುಚ್ಚಯ್ಯ ವರಾಂಡದ ಬೆಂಚಿನಲ್ಲಿ ಕೂತಿದ್ದ. ಪಕ್ಕದಲ್ಲಿದ್ದ ಗಂಡ ಹೆಂಡತಿಯ ಪಿಸುಮಾತು ಬೇಡವೆಂದರೂ ಅವನ ಕಿವಿಗೆ ಬೀಳುತ್ತಿತ್ತು.

“ಗಿರಿಜಾ, ಲಾಯರ್ ಹೇಳ್ಕೊಟ್ಟ ಹಾಗೇ ಹೇಳ್ಬುಡು. ಸೀರೆ ನೀನು ಕದ್ದಿದ್ದಲ್ಲ, ಅಂಗಡಿ ಹುಡುಗೀನೇ ತಪ್ಪಿ ನಿನ್ನ ಬ್ಯಾಗಿಗೆ ಹಾಕಿದ್ಲು ಅಂತ.”

“ಅವಳು ಹಾಕ್ಲಿಲ್ಲ ಕಣ್ರೀ. ಬಾಯಾರಿಕೆ ಅಂತ ಅವಳನ್ನ ನೀರಿಗೆ ಕಳಿಸಿ ನಾನೇ ತುರುಕ್ಕೊಂಡೆ.”

“ಮೆಲ್ಲಗೆ ಮಾತಾಡೇ. ಮುಂದಿನ ತಿಂಗಳು ಮಗಳ ಮದುವೆ.”

“ಆ ಹುಡುಗಿ ಆಗ್ಲೇ ನನ್ನ ಹತ್ರ ಬಂದಿದ್ಲು.”

“ಬೈದ್ಲಾ?”

“ಬೈದಿದ್ರೆ ಚೆನ್ನಾಗಿತ್ತು. ಹೋದ ಸಲ ನಮ್ಮ ಲಾಯರ್ ಅವಳನ್ನ ಗದರಿಸಿ ಕೇಳಿದ್ರಲ್ಲ, ಆವಾಗಿಂದ ಅವಳಿಗೇ ಅನುಮಾನ. ‘ಅಮ್ಮಾ, ನಾನೇ ಮರೆತು ಹಾಕ್ಬುಟ್ನೇನೋ, ನಿಮ್ಮನ್ನ ಕೋರ್ಟಿಗೆ ಅಲೆಸ್ಬುಟ್ಟೆ’ ಅಂತ ಕಾಲಿಗೆ ಬಿದ್ಲು.”

ಬಾಗಿಲಲ್ಲಿ ಜವಾನ ಗಿರಿಜಾಂಬಾ ಎಂದು ಕೂಗಿದ.

“ಈಗ ಏನ್ ಹೇಳ್ತೀಯ?”

“ನಡೆದಿದ್ದನ್ನೇ ಹೇಳ್ತೀನಿ. ಮಗಳಿಗೆ ನೀವು ಹೇಳಿ, ನನ್ನ ಕೈಲಿ ಆಗಲ್ಲ.”

ಆಕೆ ಸೆರಗು ಹೊದ್ದು ಒಳಗೆ ಹೋದರು. ಗಂಡ ಸ್ವಲ್ಪ ಹೊತ್ತು ಕೂತೇ ಇದ್ದರು. ಆಮೇಲೆ ಹುಚ್ಚಯ್ಯನ ಕಡೆ ನೋಡದೆ ಎದ್ದು, ಹೆಂಡತಿಯ ಹಿಂದೆ ನಡೆದರು.